ಸದ್ದು ಮಾಡುವ ಕಲ್ಲು

ಮರಳುಗಾಡಿನ ನಮ್ಮ ಸೊಕೊರ್ರೊ ಊರಿನ ಜನ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಪೈಕಿ. ಹುಲ್ಲು ಬೆಳೆಸಲು ನೀರಿಲ್ಲ, ಅದಕ್ಕೇ ಅಂಗಳಕ್ಕೆಲ್ಲ ಬಣ್ಣಬಣ್ಣದ ಕಲ್ಲು ಹಾಸಿಸುತ್ತಾರೆ. ಅಪ್ಪ ಬಿಟ್ಟುಹೋದ, ಕಲ್ಲು ಮಾರುವ ಯಾರ್ಡನ್ನು ಈಗ ನಡೆಸುತ್ತಿರುವವಳು ನಾನು. ಬಂದವರು ಕೆಂಪು ತೋರಿಸು, ಬಿಳಿ ತೋರಿಸು ಅಂತ ತಲೆ ತಿನ್ನುತ್ತಾರೆ. ಅಂಗಳದ ಅಳತೆ ಕೇಳಿದರೆ ಮಾತ್ರ ಎರಡು ಕೈ ಚಾಚಿ ಇಷ್ಟು ಅನ್ನುತ್ತಾರೆ.

ಬಣ್ಣ ಕೇಳದೆ ಬಂದವರು ರೊಮೂಲೊ ಮಾಮ ಒಬ್ಬರೇ. ಅಪ್ಪನ ಗೆಳೆಯರು, ಎಪ್ಪತ್ತು ದಾಟಿದೆ. ಉದ್ದ ಅಗಲವನ್ನು ಅಂಗುಲ ಸಮೇತ ಒಪ್ಪಿಸಿದರು. ಆಮೇಲೆ ಒಂದೊಂದೇ ರಾಶಿ ಹತ್ತಿ, ಕಣ್ಣು ಮುಚ್ಚಿ, ಕಾಲೆಳೆಯುತ್ತಾ ನಡೆದರು. ಕಾಲಲ್ಲಿ ಹೆಂಗಸರ ಚಪ್ಪಲಿ, ಹಿಮ್ಮಡಿ ಹೊರಗೆ. ಮುದುಕರಿಗೆ ಅರಳುಮರುಳು ಅಂದುಕೊಂಡು ರೇಗಲು ಹೊರಟಿದ್ದೆ. ಅಷ್ಟರಲ್ಲಿ ಆ ಚಪ್ಪಲಿ ಎಲೋಯ್ಸಾ ಅತ್ತೆಯದು ಅಂತ ಗುರುತು ಸಿಕ್ಕಿ ಬಾಯಿ ಮುಚ್ಚಿದೆ.

ಮಾಮನ ಹೆಂಡತಿ ಎಲೋಯ್ಸಾ ಅತ್ತೆಗೆ ಮರೆವಿನ ಕಾಯಿಲೆ ಇತ್ತು. ಜನವರಿಯ ಒಂದು ಬೆಳಗಿನ ಜಾವ ಬಾಗಿಲು ತೆಗೆದುಕೊಂಡು ನಡೆದುಹೋಗಿ, ಗೇಟಿನಾಚೆಯ ಒಣಹಳ್ಳದಲ್ಲಿ ಚಳಿಗೆ ಸತ್ತಿದ್ದರು. ಆಗ ಅಂಗಳದಲ್ಲಿದ್ದದ್ದು ಬರೀ ಮರಳು. ಮಗ್ಗುಲಲ್ಲೇ ಮಲಗಿದ್ದ ಮಾಮನಿಗೆ ಹೆಜ್ಜೆಯ ಸದ್ದು ಕೇಳಿರಲಿಲ್ಲ.

ಬಟಾಣಿ ಗಾತ್ರದ ಉರುಟು ಕಲ್ಲಿನ ರಾಶಿಯ ಮೇಲೆ ಮಾಮ ನಿಂತರು. “ಇದು ಚೆನ್ನಾಗಿ ಮಾತಾಡುತ್ತೆ. ಬಾಗಿಲಿಂದ ಗೇಟಿನವರೆಗೆ ಹಾಕ್ಸು ಮಗಳೇ.”

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಮೂರಂಗುಲ ದಪ್ಪಕ್ಕೆ ಲೆಕ್ಕ ಹಾಕಿ ಒಂದು ಲೋಡು ಕಳಿಸಿದೆ.

ತಿಂಗಳಾಗುವ ಮೊದಲೇ ಮಾಮನ ಫೋನ್ ಬಂತು, ಇನ್ನೂ ಕಲ್ಲು ಬೇಕಂತೆ. ನನ್ನ ಲೆಕ್ಕ ತಪ್ಪುವುದುಂಟೇ ಅಂತ ಸಂಜೆ ನಾನೇ ನೋಡಲು ಹೋದೆ. ಹಾಸಿದ್ದು ಹಾಸಿದ ಹಾಗೇ ಇತ್ತು. ಮಾಮ ಜಗಲಿಯಲ್ಲಿ ಬಿಸಿ ಟೊರ್ಟಿಯಾ ರೊಟ್ಟಿ, ಹಸಿಮೆಣಸಿನ ಗೊಜ್ಜು ಕೊಟ್ಟು ಸುಮ್ಮನೆ ಕೂತಿರು ಅಂದರು. ಹೊತ್ತು ಮುಳುಗುತ್ತಿದ್ದ ಹಾಗೆ ಬಾಗಿಲ ಬುಡದಲ್ಲಿ ಕಲ್ಲು ಕರಕರ ಅಂದಿತು. ಗಾಳಿ ಇರಲಿಲ್ಲ, ನಾಯಿ ಬೆಕ್ಕೂ ಇರಲಿಲ್ಲ. ಕಾಲೆಳೆಯುವ ಹೆಜ್ಜೆ ನಮ್ಮನ್ನು ದಾಟಿ ಗೇಟಿನ ತನಕ ಹೋಗಿ, ಕಲ್ಲು ಮುಗಿದಲ್ಲಿ ನಿಂತಿತು. ಎಲೋಯ್ಸಾ ಅತ್ತೆ ನಡೆಯುತ್ತಿದ್ದದ್ದು ಹಾಗೇ.

“ಹೋಗೋದು ಮಾತ್ರ ಕೇಳುತ್ತೆ, ವಾಪಸ್ ಬರೋದು ಕೇಳಲ್ಲ,” ಅಂದರು ಮಾಮ. “ಗೇಟಿನಾಚೆ ಮರಳು ನೋಡು. ಹಳ್ಳದವರೆಗೂ ಹಾಸಿಬಿಟ್ರೆ ಸದ್ದು ಹಿಡ್ಕೊಂಡು ನಾನೂ ಹಿಂದೇನೇ ಹೋಗ್ತೀನಿ.”

ಭಯಕ್ಕೋ ಸಂಕಟಕ್ಕೋ ನನಗೆ ಸಿಟ್ಟೇ ಬಂತು. “ಹೋಗಿ ನೀವೂ ಅಲ್ಲೇ ಮಲಗ್ತೀರಾ? ನಾಳೆನೇ ಆಳು ಕಳಿಸಿ ಇಷ್ಟನ್ನೂ ತೆಗೆಸಿಬಿಡ್ತೀನಿ.”

“ತೆಗೆಸಿದ್ರೆ ಮತ್ತೆ ನನಗೆ ಕೇಳದ ಹಾಗೆ ಹೋಗಿಬಿಡ್ತಾಳಲ್ಲ ಮಗಳೇ.”

ಕಲ್ಲು ತೆಗೆಸಲೂ ಇಲ್ಲ, ಕೊಡಲೂ ಇಲ್ಲ. ಮಾಮ ಫೋನ್ ಮಾಡಿದಾಗಲೆಲ್ಲ ಆ ಕಲ್ಲು ಖಾಲಿಯಾಗಿದೆ ಅನ್ನುತ್ತಿದ್ದೆ, ಕಿಟಕಿಯಾಚೆ ರಾಶಿ ಬಿದ್ದಿರುತ್ತಿತ್ತು.

ಚಳಿ ಶುರುವಾದ ಮೇಲೆ ಫೋನ್ ನಿಂತಿತು. ಸದ್ಯ, ಮನಸ್ಸು ಸಮಾಧಾನವಾಯಿತೇನೋ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಇವತ್ತು ನಾನೇ ಫೋನ್ ಮಾಡಿದೆ. ಏದುಸಿರು ಬಿಡುತ್ತಾ ಎತ್ತಿದರು, ದನಿಯಲ್ಲಿ ಖುಷಿ ಇತ್ತು. ನಿನ್ನ ಲೋಡು ಬೇಡ ಅಂದರು. ಅಂಗಳದ ಕಲ್ಲನ್ನೇ ದಿನಾ ಬಕೆಟ್ಟಿನಲ್ಲಿ ಹೊತ್ತು ಗೇಟಿನಾಚೆ ಸುರಿಯುತ್ತಿದ್ದಾರಂತೆ.

“ತೆಳುವಾಗಿ ಹರಡಿದ್ರೂ ಸದ್ದು ಬರುತ್ತೆ. ಹಳ್ಳದವರೆಗೆ ಸರಿಯಾಗಿ ಸಾಲುತ್ತೆ ಮಗಳೇ. ಇದೇ ಕೊನೇ ಬಕೆಟ್ಟು.”

ಹೊರಗೆ ಹೊತ್ತು ಮುಳುಗುತ್ತಿತ್ತು. ಯಾರ್ಡಿಗೆ ಬೀಗವನ್ನೂ ಹಾಕದೆ ಟಿಪ್ಪರ್ ಹತ್ತಿದೆ. ಮಾಮನ ಮನೆ ಅರ್ಧ ಗಂಟೆಯ ದಾರಿ.