ಮೂರನೇ ವಾರದ ಕೂದಲು

ತಲೆಕೂದಲು ಬೆಳೆಯಲೆಂದು ಔಷಧಿ ಹಚ್ಚಲು ಶುರುಮಾಡಿ ಮೂರು ವಾರವಾಗಿತ್ತು. ಉದುರುವುದು ನಿಲ್ಲುವ ಬದಲು ಎರಡರಷ್ಟಾಯಿತು. ಜರಗನಹಳ್ಳಿಯ ಮನೆಯಲ್ಲಿ ಅಜ್ಜಿ ನನ್ನ ಬಾಚಣಿಗೆಯ ಕೂದಲನ್ನೆಲ್ಲ ಸುತ್ತಿ, ಕೂದಲಿಗೆ ಸ್ಟೀಲ್ ಪಾತ್ರೆ ಕೊಡುವವಳಿಗೆಂದು ಕವರಿನಲ್ಲಿ ಕೂಡಿಡುತ್ತಿದ್ದರು.

"ಈ ಸಲ ಪಾತ್ರೆ ಅಲ್ಲ ಕಣೇ ಅರ್ಪಿತ, ಕುಕ್ಕರೇ ಬರುತ್ತೆ!"

ನನಗೆ ರೇಗಿತು. ಆ ಕವರನ್ನೇ ಕಿತ್ತುಕೊಂಡು ಹೋಗಿ, ಔಷಧಿ ಬರೆದುಕೊಟ್ಟ ಜಯನಗರದ ಡಾಕ್ಟರ ಮೇಜಿನ ಮೇಲೆ ಸುರಿದೆ.

"ಏನ್ ಮೇಡಂ ಇದು? ಬೆಳೆಸಿ ಅಂದ್ರೆ ಬೋಳಿಸ್ತಿದ್ದೀರಲ್ಲ!"

ಅವರು ಗಾಬರಿಯಾಗಲಿಲ್ಲ. "ಹಳೇ ಕೂದ್ಲು ಹೊಸದಕ್ಕೆ ಜಾಗ ಬಿಡ್ತಿದೆಮ್ಮ. ಶುರುನಲ್ಲಿ ಕೆಲವರಿಗೆ ಹೀಗಾಗುತ್ತೆ, ಆಮೇಲೆ ನಿಲ್ಲುತ್ತೆ. ಔಷಧಿ ಮಾತ್ರ ಬಿಡ್ಬೇಡ."

"ಮೊದ್ಲೇ ಹೇಳೋಕೆ ಏನಾಗಿತ್ತು? ದಿನಾ ಬಾತ್‌ರೂಮಲ್ಲಿ ಅಳ್ತಿದ್ದೀನಿ!"

"ಹೇಳಿದ್ರೆ ಯಾರೂ ಶುರುನೇ ಮಾಡಲ್ಲ."

ತಲೆ ನನ್ನದು, ತೀರ್ಮಾನ ಅವರದಂತೆ! ಬಾಗಿಲು ತೆಗೆದು, ಹೊರಗೆ ಕಾಯುತ್ತಿದ್ದವರಿಗೆಲ್ಲ ಕೇಳುವಂತೆ ಕೂಗಿದೆ.

"ಕೂದಲಿನ ಔಷಧಿಗೆ ಬಂದಿರೋರು ಕೇಳಿ! ಮೊದ್ಲು ಜಾಸ್ತಿ ಉದುರಬಹುದು, ಆಮೇಲೆ ನಿಲ್ಲುತ್ತಂತೆ!"

ಯಾರೂ ಎದ್ದು ಹೋಗಲಿಲ್ಲ. ಮೂಲೆಯಲ್ಲಿದ್ದ ಅಂಕಲ್ ಒಬ್ಬರು ಟೋಪಿ ತೆಗೆದು ನಿಟ್ಟುಸಿರುಬಿಟ್ಟರು.

"ಹೌದೇನಮ್ಮಾ? ನಾನು ಔಷಧಿ ನಿಲ್ಲಿಸ್ತೀನಿ ಅಂತ ಹೇಳೋಕೇ ಬಂದಿದ್ದೆ. ಸದ್ಯ, ಈಗಲಾದ್ರೂ ಯಾರೋ ಹೇಳಿದ್ರಲ್ಲ!"

ನಾನು ತಿರುಗಿ ಡಾಕ್ಟರ ಮುಖವನ್ನೇ ನೋಡಿದೆ.