ಗಿರಣಿಯಕ್ಕನ ಮೂಗು

ಹಿಟ್ಟಿನ ಗಿರಣಿಗೆ ಕಾಳು ತಂದವರು ಮೊದಲು ಒಂದು ಹಿಡಿ ತೆಗೆದು ಅಕ್ಕನ ಮೂಗಿನ ಮುಂದೆ ಹಿಡಿಯಬೇಕು. ಅದು ಆ ಬೀದಿಯ ಕಾನೂನು. ಅಕ್ಕ ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದು 'ಹಾಕು' ಎಂದರೆ ಕಾಳು ಗಿರಣಿಯ ಬಾಯಿಗೆ ಬೀಳುತ್ತಿತ್ತು. 'ಬೇಡ' ಎಂದರೆ ಎಂಥ ದೊಡ್ಡ ಮನುಷ್ಯನಾದರೂ ಚೀಲ ಹೊತ್ತುಕೊಂಡು ಬಂದ ದಾರಿ ಹಿಡಿಯಬೇಕಿತ್ತು. ಮುಗ್ಗಿದ ಕಾಳು ಚೀಲದ ತಳದಲ್ಲಿ ಅಡಗಿ ಕೂತಿದ್ದರೂ ಅವಳಿಗೆ ಅದು ಬೀದಿಯ ತಿರುವಿನಲ್ಲಿರುವಾಗಲೇ ಗೊತ್ತಾಗುತ್ತದೆ ಎಂದು ಜನ ಹೇಳುತ್ತಿದ್ದರು. ಹೊಗಳಿಸಿಕೊಳ್ಳುವುದು ಯಾರಿಗೆ ಬೇಡ? ಅಕ್ಕನೂ ಬೇಡವೆನ್ನಲಿಲ್ಲ.

ಆ ಮೂಗು ಈ ಸಲದ ಚಳಿಗಾಲದ ಜ್ವರದಲ್ಲಿ ಸತ್ತುಹೋಗಿತ್ತು. ಜ್ವರ ಬಿಟ್ಟಿತು, ನಾಲಿಗೆಗೆ ಒಂದಿಷ್ಟು ರುಚಿ ಮರಳಿತು, ವಾಸನೆ ಮಾತ್ರ ಬರಲಿಲ್ಲ. ಸೀಮೆಎಣ್ಣೆಯ ಡಬ್ಬಿಗೆ ಮೂಗಿಟ್ಟರೂ ನೀರಿನ ಡಬ್ಬಿಗೆ ಇಟ್ಟಂತೆಯೇ. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದಳು. ಯಾರಿಗೂ ಹೇಳಲಿಲ್ಲ. ದಿನವಿಡೀ ಜೊತೆಗೆ ದುಡಿಯುವ ಸೊಸೆಗೂ ಹೇಳಲಿಲ್ಲ. ಕಾಳಿನ ಬಣ್ಣ ನೋಡಿ, ಒಂದೆರಡನ್ನು ಹಲ್ಲಿನಲ್ಲಿ ಕಚ್ಚಿ ಒಣಗಿದೆಯೇ ಎಂದು ತಿಳಿದು, ಆಮೇಲೆ ಹಿಂದಿನಂತೆಯೇ ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದಳು. ಈ ನಾಟಕ ಇಷ್ಟು ದಿನ ಸುಸೂತ್ರವಾಗಿ ನಡೆದಿತ್ತು.

ಆ ಬೆಳಿಗ್ಗೆ ಸಾಲಿನಲ್ಲಿ ಮೊದಲು ನಿಂತವನು ಬಾತಣ್ಣ. ಬಾತುಕೋಳಿ ಸಾಕಿ ಸಾಕಿ ನಡಿಗೆಯೂ ಅವುಗಳದ್ದೇ ಆಗಿದೆ ಎಂದು ಬೀದಿಯವರು ಇಟ್ಟ ಹೆಸರು. ಅವನು ಅದಕ್ಕೆ ಎಂದೂ ಸಿಟ್ಟಾದವನಲ್ಲ. ಮೆಕ್ಕೆಜೋಳದ ಚೀಲ ಇಳಿಸಿ, ಹೆಗಲು ಒರೆಸಿಕೊಂಡು, ಒಂದು ಹಿಡಿ ತೆಗೆದ.

"ಯಾಕೋ ಮುಖ ಬಾಡಿಸಿಕೊಂಡಿದ್ದೀಯ?" ಅಕ್ಕ ಕೇಳಿದಳು.

"ಮರಿಗಳು ಒಂದೊಂದಾಗಿ ಹೋಗ್ತಾ ಇವೆ ಅಕ್ಕಾ. ಬೆಳಿಗ್ಗೆ ಗೂಡು ತೆಗೆದ್ರೆ ಕಾಲು ಚಾಚಿಕೊಂಡು ಬಿದ್ದಿರ್ತವೆ. ನೀರು ಬದಲಾಯಿಸಿದೆ, ಗೂಡು ತೊಳೆದೆ. ಏನೂ ಪ್ರಯೋಜನ ಆಗಲಿಲ್ಲ."

"ಏನು ಹಾಕ್ತೀಯ ಅವಕ್ಕೆ?"

"ಇದೇ ಜೋಳದ ನುಚ್ಚು. ಜೋಳದ್ದೇನೂ ತೊಂದ್ರೆ ಇಲ್ಲ ಬಿಡಿ, ಕಳೆದ ವಾರ ನೀವೇ ಮೂಸಿ ನೋಡಿದ್ರಲ್ಲ. ಇದೂ ಅದೇ ರಾಶಿ. ಕೊಟ್ಟಿಗೆ ಸೋರಿ ಚೀಲಗಳು ನೆಂದಿದ್ವು, ಸ್ವಲ್ಪ ಬೂಷ್ಟು ಹಿಡಿದಿತ್ತು. ಉಜ್ಜಿ ತೊಳೆದು ಬಿಸಿಲಿಗೆ ಹಾಕಿದೆ. ಈಗ ನೋಡಿ, ಚಿನ್ನ ಇದ್ದ ಹಾಗಿದೆ."

ಬೂಷ್ಟು ಹಿಡಿದ ಜೋಳಕ್ಕೆ ಮೊದಲು ಸಾಯುವುದು ಬಾತಿನ ಮರಿ ಎಂಬುದು ಅಕ್ಕನಿಗೆ ಗೊತ್ತಿಲ್ಲದ ವಿಷಯವಲ್ಲ. ತೊಳೆದರೆ ಹೋಗುವುದು ಮೇಲಿನ ಹಸಿರು ಮಾತ್ರ, ಒಳಗೆ ಇಳಿದ ವಿಷ ಹೋಗುವುದಿಲ್ಲ. ಬಾತಣ್ಣನ ಅಂಗೈಯಿಂದ ಒಂದು ಕಾಳು ಎತ್ತಿ ಉಗುರಿನಿಂದ ಸೀಳಿದಳು. ಹೊರಗೆ ಹೊಳೆಯುವ ಕಾಳಿನ ಮೊಳಕೆಯ ಜಾಗದಲ್ಲಿ ಬೂದಿಬಣ್ಣದ ಪುಡಿ ಇತ್ತು. ಕಳೆದ ವಾರ ಸೀಳಿ ನೋಡಿರಲಿಲ್ಲ. ಮೂಗಿದ್ದ ಕಾಲದಲ್ಲಿ ಸೀಳುವ ಅಗತ್ಯವೇ ಬರುತ್ತಿರಲಿಲ್ಲ, ಈ ವಾಸನೆಗೆ ಚೀಲವನ್ನು ಹೊಸ್ತಿಲು ದಾಟಲೂ ಬಿಡುತ್ತಿರಲಿಲ್ಲ.

ಸಾಲಿನಲ್ಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಅವಳು ಅಂಗೈಗೆ ಮೂಗಿಟ್ಟು, ಉಸಿರೆಳೆದು, ಮುಖ ಕಿವುಚಿದಳು.

"ಬೇಡ. ಮುಗ್ಗಿದೆ. ಬಾತಿಗೂ ಹಾಕಬೇಡ, ಮಣ್ಣಲ್ಲಿ ಹೂತುಬಿಡು."

"ಹೌದಾ?" ಬಾತಣ್ಣ ಗಾಬರಿಯಾದ. "ಹಾಗಾದ್ರೆ ಕಳೆದ ವಾರದ್ದು?"

ಆ ಒಂದು ಕ್ಷಣದಲ್ಲಿ ಅಕ್ಕನಿಗೆ ಎಷ್ಟೆಲ್ಲ ನೆನಪಾಯಿತು. ಗಿರಣಿಯೇ ತನ್ನ ಹೆಸರಿನ ಮೇಲೆ ನಿಂತಿದೆ. ಮುಂದಿನ ಬೀದಿಯಲ್ಲಿ ಹೊಸ ಗಿರಣಿ ಬಾಗಿಲು ತೆರೆದು ಕೂತಿದೆ. ಮೂಗಿಲ್ಲದ ಗಿರಣಿಯಕ್ಕ ಎಂದರೆ ನಾಳೆಯಿಂದ ನಗೆಪಾಟಲು.

"ಅದು ಚೆನ್ನಾಗಿತ್ತು," ಎಂದಳು. "ಈ ಚೀಲ ಮಾತ್ರ ಕೆಟ್ಟಿದೆ."

"ಸದ್ಯ, ಬದುಕಿದೆ. ಪಾಪುಗೆ ನಮ್ಮಮ್ಮ ದಿನಾ ಅದರದ್ದೇ ಗಂಜಿ ಕುಡಿಸ್ತಾಳೆ. ಇನ್ನೂ ಅರ್ಧ ಡಬ್ಬಿ ಇದೆ." ಬಾತಣ್ಣ ಚೀಲ ಹೆಗಲಿಗೇರಿಸಿದ. "ನಿಮ್ಮ ಮೂಗು ತಣ್ಣಗಿರಲಿ ಅಕ್ಕಾ."

ಸಾಲಿನಲ್ಲಿ ಯಾರೋ ನಕ್ಕರು. ಮುಂದೆ ಬಂದವನು ದರ್ಜಿ. ಅವನ ಗೋಧಿ ಮೂಸಿದಂತೆ ಮಾಡಿ, ಗಿರಣಿಯ ಬಾಯಿಗೆ ಸುರಿದು, ಅಕ್ಕ ಸ್ವಿಚ್ಚು ಹಾಕಿದಳು. ಬೆಲ್ಟು ಪಟಪಟ ಹೊಡೆದುಕೊಂಡಿತು, ಕಲ್ಲು ತಿರುಗಿತು. ಗಿರಣಿಗೆ ಕಟ್ಟಿದ ಬಟ್ಟೆಯ ತೋಳಿನಿಂದ ಬಿಸಿ ಹಿಟ್ಟು ಇಳಿಯುವುದನ್ನು ಸೊಸೆ ಡಬ್ಬಿಗೆ ಹಿಡಿದಳು. ಎಲ್ಲವೂ ಎಂದಿನಂತೆಯೇ ಇತ್ತು, ಅದನ್ನೇ ಅಕ್ಕನಿಗೆ ತಡೆದುಕೊಳ್ಳಲಾಗಲಿಲ್ಲ. ಅರ್ಧ ಡಬ್ಬಿ. ಮುದುಕಿ ಈಗ ಒಲೆ ಹಚ್ಚಿರುತ್ತಾಳೆ. ನನ್ನ ಬಾಯಿಂದ ಬಂದ ಮಾತಿಗೆ ಆ ಮಗು ಬಾಯಿ ತೆರೆಯುತ್ತದೆ. ಅವಳಿಗೆ ತನ್ನ ಮೇಲೆ ಎಲ್ಲಿಲ್ಲದ ಅಸಹ್ಯ ಬಂತು.

ಸ್ವಿಚ್ಚು ಆರಿಸಿದಳು. ಕಲ್ಲು ಗುರುಗುಟ್ಟಿ ನಿಂತಿತು.

"ಕರೆಂಟ್ ಹೋಯ್ತಾ?" ದರ್ಜಿ ಕೇಳಿದ.

"ಇಲ್ಲ." ಅಕ್ಕ ಸಾಲಿನ ಕಡೆ ತಿರುಗಿದಳು. "ನನಗೆ ವಾಸನೆ ಬರೋದಿಲ್ಲ. ಜ್ವರ ಬಂದಾಗಿನಿಂದ ಏನೂ ಬರೋದಿಲ್ಲ. ಇಷ್ಟು ದಿನ ಸುಳ್ಳೇ ಮೂಸ್ತಾ ಇದ್ದೆ. ಬಾತಣ್ಣನ ಮನೇಲಿರೋ ಹಿಟ್ಟೂ ವಿಷ."

ದರ್ಜಿ ತನ್ನ ಡಬ್ಬಿಯ ಹಿಟ್ಟನ್ನೇ ಬಗ್ಗಿ ನೋಡತೊಡಗಿದ. ಸೊಸೆ ಹಿಟ್ಟಿನ ಕೈಯಲ್ಲೇ ಅತ್ತೆಯ ತೋಳು ಹಿಡಿದು ಬಾಗಿಲ ಕಡೆ ತಳ್ಳಿದಳು.

"ಇಲ್ಲಿ ನಾನು ನೋಡ್ಕೋತೀನಿ. ನೀವು ಮೊದಲು ಓಡಿ ಅತ್ತೆ."

ಆ ವಯಸ್ಸಿನಲ್ಲಿ ಅವಳು ಓಡಿದ್ದನ್ನು ಬೀದಿ ಅದೇ ಮೊದಲ ಸಲ ನೋಡಿತು. ಮೈತುಂಬ ಹಿಟ್ಟು ಮೆತ್ತಿಕೊಂಡು, ಒಂದು ಕಾಲಿನ ಚಪ್ಪಲಿ ಕಿತ್ತುಹೋದದ್ದೂ ತಿಳಿಯದೆ ಓಡಿದಳು. ಬಾತಣ್ಣನನ್ನು ಅವನ ಮನೆಯ ಬಾಗಿಲಲ್ಲೇ ಹಿಡಿದಳು. ಅವನು ಚೀಲ ಇಳಿಸುತ್ತಿದ್ದ.

"ಕಳೆದ ವಾರದ್ದೂ ಕೆಟ್ಟದ್ದೇ ಕಣೋ. ನಾನು ಸುಳ್ಳು ಹೇಳಿದೆ. ನನಗೆ ವಾಸನೆ ಬರೋದಿಲ್ಲ. ಎಲ್ಲಿ ಮಗು?"

ಅವನು ಅರ್ಥವಾಗದೆ ನಿಂತ. ಅಕ್ಕ ಅವನನ್ನು ಸರಿಸಿ ಒಳಗೆ ನುಗ್ಗಿದಳು.

ಅಡುಗೆಮನೆಯಲ್ಲಿ ಅವನ ತಾಯಿ ಕಾಲು ಚಾಚಿ ಕೂತು, ಮೊಮ್ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ಬಾತಣ್ಣನ ಹೆಂಡತಿ ಬೆಳಿಗ್ಗೆಯೇ ಕೆಲಸಕ್ಕೆ ಹೊರಟುಹೋದರೆ ಮಗುವಿನ ಊಟ ಮುದುಕಿಯ ಪಾಲಿಗೆ. ಬಟ್ಟಲಿನ ಗಂಜಿ ಮುಗಿಯುತ್ತ ಬಂದಿತ್ತು. ಅಕ್ಕ ಬಗ್ಗಿ ಬಟ್ಟಲು ಕಿತ್ತುಕೊಂಡಳು.

"ಇದು ಬೇಡ ದೊಡ್ಡಮ್ಮ. ಜೋಳ ಬೂಷ್ಟು ಹಿಡಿದದ್ದು. ಹಿಟ್ಟೆಲ್ಲ ವಿಷ ಆಗಿದೆ."

"ಚೆನ್ನಾಗಿ ಬೇಯಿಸಿದ್ದೀನಲ್ಲೇ."

"ಬೇಯಿಸಿದ್ರೆ ಸಾಯೋದಲ್ಲ ಅದು. ಮಗು ಹೇಗಿದೆ, ಹೇಳಿ."

"ಎರಡು ದಿನದಿಂದ ಮಂಕಾಗಿದೆ. ಹೊಟ್ಟೆ ಉಬ್ಬರಿಸಿದೆ. ಹಲ್ಲು ಬರೋ ಕಾಲ ಅಂತ ಸುಮ್ಮನಿದ್ದೆ."

ಬಾತಣ್ಣ ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ಬಗ್ಗಿ ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಮಗು ಅಳಲೂ ಇಲ್ಲ, ತಲೆ ಅವನ ಕುತ್ತಿಗೆಗೆ ಜೋತುಬಿತ್ತು. ಅವನು ಚಪ್ಪಲಿ ಮೆಟ್ಟದೆ ಡಾಕ್ಟರ ಮನೆಯ ಕಡೆ ಹೊರಟ.

ಮುದುಕಿ ಗೋಡೆ ಹಿಡಿದು ಏಳಲು ನೋಡಿದಳು, ಕಾಲು ಬರಲಿಲ್ಲ. ಹಾಗೆಯೇ ಕೂತು ಅಕ್ಕನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಮೊದಲನೇ ದಿನವೇ ನನ್ನ ನಾಲಿಗೆಗೆ ಕಹಿ ಅನ್ನಿಸ್ತು ಕಣಮ್ಮ," ಎಂದಳು ಮುದುಕಿ. "ಮಗುನೂ ಉಗುಳ್ತು. ನೀನು ಮೂಸಿ ಕೊಟ್ಟ ಹಿಟ್ಟಲ್ವಾ, ಕೆಟ್ಟಿರೋದು ನನ್ನ ನಾಲಿಗೆಯೇ ಇರಬೇಕು ಅಂದ್ಕೊಂಡೆ. ದಿನಾ ಅದರ ಮೂಗು ಹಿಡಿದು ಕುಡಿಸಿದೆ."

ಅಕ್ಕ ಹಿಟ್ಟಿನ ಡಬ್ಬಿ ಎತ್ತಿಕೊಂಡಳು. ಡಾಕ್ಟರಿಗೆ ಅದನ್ನು ತೋರಿಸಬೇಕು, ಆದದ್ದನ್ನೆಲ್ಲ ತನ್ನ ಬಾಯಿಂದಲೇ ಹೇಳಬೇಕು. ಅವಳು ಬಾತಣ್ಣನ ಹಿಂದೆ ಬೀದಿಗಿಳಿದಳು.