ಶದ್ದಾದನ ಹೊಸ್ತಿಲು

ಮರಳುಗಾಡಿನ ನಡುವಿನ ಕಣಿವೆಯೊಂದರಲ್ಲಿ, ಹೂದ್ ಪ್ರವಾದಿಯ ಗೋರಿಯ ಕೆಳಗಿರುವ ಊರಿನಲ್ಲಿ ವರ್ಷಕ್ಕೆ ನಾಲ್ಕೇ ದಿನ ಒಲೆ ಉರಿಯುತ್ತದೆ. ಶಾಬಾನ್ ತಿಂಗಳಲ್ಲಿ ಯಾತ್ರೆ ಬಂತೆಂದರೆ ತರೀಮ್, ಸೈವೂನ್ ಪಟ್ಟಣಗಳಿಂದ, ಕಣಿವೆಯ ಮೂಲೆಮೂಲೆಯಿಂದ ಜನ ಒಂಟೆ ಕತ್ತೆಗಳ ಮೇಲೆ ಬಂದು ತಮ್ಮ ತಮ್ಮ ಮನೆಯ ಬೀಗ ತೆಗೆಯುತ್ತಾರೆ. ಐದನೆಯ ದಿನ ಮತ್ತೆ ಬೀಗ ಜಡಿದು ಹೊರಟುಬಿಡುತ್ತಾರೆ. ಆಮೇಲೆ ವರ್ಷವಿಡೀ ಆ ಮಹಡಿ ಮನೆಗಳಲ್ಲಿ ಪಾರಿವಾಳಗಳದ್ದೇ ಸಂಸಾರ. ಆ ಮನೆಗಳಲ್ಲಿ ಅರ್ಧಕ್ಕರ್ಧ ಕಟ್ಟಿದವನು ತರೀಮಿನ ಮೇಸ್ತ್ರಿ ಬಖೀತ್. ಅವನಿಗೆ ಮಾತ್ರ ಆ ಊರಿನಲ್ಲಿ ಒಂದು ಗೂಡೂ ಇರಲಿಲ್ಲ.

ಹದಿನೈದು ವರ್ಷ ಅವನೂ ಅವನ ಹೆಂಡತಿ ಮುಜ್ನಾಳೂ ಯಾತ್ರೆಗೆ ಬಂದು ಯಾರ್ಯಾರದೋ ಅಂಗಳದಲ್ಲಿ ಮಲಗಿದರು. ಗಂಡಸಿಗೇನು, ಎಲ್ಲಿ ಬೇಕಾದರೂ ಒರಗಿಕೊಂಡಾನು. ಹೆಂಗಸಿಗೆ ಮರೆ ಬೇಕಲ್ಲ. ಮುಜ್ನಾ ಒಂದು ದೊಡ್ಡ ಮನೆಯ ಮೆಟ್ಟಿಲ ಕೆಳಗೆ ಚಾಪೆ ಹಾಸಿಕೊಳ್ಳುತ್ತಿದ್ದಳು. ಹದಿನೈದನೆಯ ವರ್ಷ ಆ ಮನೆಯೊಡತಿ ಬಂದು, "ಏಳಮ್ಮಾ, ನೆಂಟರು ಬಂದ್ರು, ಚಪ್ಪಲಿ ಬಿಡೋಕೆ ಜಾಗ ಬೇಕು" ಅಂದಳು. ಮುಜ್ನಾ ಚಾಪೆ ಸುತ್ತಿಕೊಂಡು ಆಡುಗಳ ಪಕ್ಕಕ್ಕೆ ಹೋದಳು. ಮರುದಿನ ಗಂಡನಿಗೆ ಶುಂಠಿ ಕಾಫಿ ಬಗ್ಗಿಸುವಾಗ ಹೇಳಿದಳು:

"ಆ ಮೆಟ್ಟಿಲು ನೀವೇ ಕಟ್ಟಿದ್ದಲ್ವಾ, ಮೇಸ್ತ್ರಿಗಳೇ? ಬಹಳ ಚೆನ್ನಾಗಿದೆ. ಚಪ್ಪಲಿ ಇಡೋಕೆ ಹೇಳಿ ಮಾಡಿಸಿದ ಹಾಗಿದೆ."

ಹೇಳಿ ನಕ್ಕಳು. ಬಖೀತ್ ಕಾಫಿ ಅಲ್ಲೇ ಬಿಟ್ಟು ಎದ್ದ. ಅವತ್ತೇ ಪ್ರವಾದಿಯ ಗೋರಿಯ ಮುಂದೆ ನಿಂತು ಮಾತು ಕೊಟ್ಟ: ಈ ಊರಿನಲ್ಲಿ ಮುಜ್ನಾ ತನ್ನದೇ ಮನೆಯಲ್ಲಿ ಮಲಗುತ್ತಾಳೆ, ಅದೂ ಎಲ್ಲರ ಮನೆಗಿಂತ ಒಳ್ಳೆಯ ಮನೆಯಲ್ಲಿ.

ಮಾತಿನ ಮೊದಲರ್ಧಕ್ಕೇ ನಿಲ್ಲಿಸಿದ್ದರೆ ಈ ಕಥೆ ಹೇಳುವ ಕೆಲಸವೇ ಇರುತ್ತಿರಲಿಲ್ಲ.

ಜಾಗ ಸಿಕ್ಕಿತು. ತರೀಮಿನ ಒಬ್ಬ ವಿಧವೆ, ತನ್ನ ಮನೆಯ ಸೋರುವ ಮಾಳಿಗೆಯನ್ನು ಸರಿಮಾಡಿಕೊಟ್ಟನೆಂದು, ಎರಡು ಮನೆಗಳ ನಡುವಿನ ಸಂದು ಬಿಟ್ಟುಕೊಟ್ಟಳು. ನಾಲ್ಕು ಹಾಸಿಗೆ ಹಾಸಿದರೆ ಮುಗಿಯಿತು, ಅಷ್ಟೇ ಅಗಲ. ಹೊಟ್ಟೆಪಾಡಿನ ಕೆಲಸ ತರೀಮಿನಲ್ಲಿ, ಹಾಗಾಗಿ ಯಾತ್ರೆಗೆ ಮುಂಚಿನ ಕೆಲವು ವಾರಗಳಷ್ಟೇ ಅಲ್ಲಿ ಕೆಲಸ ಮಾಡಲು ಸಾಧ್ಯ. ಮೊದಲ ವರ್ಷ ಬುನಾದಿಯ ಕಲ್ಲು, ಎರಡನೆಯ ವರ್ಷ ಹೊಟ್ಟು ಕಲಸಿದ ಮಣ್ಣಿನ ಇಟ್ಟಿಗೆ, ಮೂರನೆಯ ವರ್ಷ ಮಾಳಿಗೆಗೆ ಖರ್ಜೂರದ ತೊಲೆ. ಮಾಳಿಗೆ ಬಿದ್ದ ಮೇಲೆ ಇನ್ನೇನು ಬೇಕು ಹೇಳಿ? ಮುಜ್ನಾ ಆ ವರ್ಷವೇ ಚಾಪೆ, ಕಾಫಿ ಕುಡಿಕೆ ಎಲ್ಲ ತಂದಿದ್ದಳು.

"ಈ ಸಲ ಒಳಗೆ ಮಲಗೋಣ್ವಾ?"

"ಬಾಗಿಲೇ ಇಲ್ವಲ್ಲೇ."

"ಬಾಗಿಲಿಗೆ ನನ್ನ ದುಪ್ಪಟಿ ಕಟ್ತೀನಿ."

"ಥೂ, ಜನ ನೋಡಿದ್ರೆ ಏನಂತಾರೆ? ಬಖೀತ್ ಮೇಸ್ತ್ರಿ ಮನೆಗೆ ಬಟ್ಟೆ ಬಾಗಿಲು ಅಂತಾರೆ. ಮುಂದಿನ ವರ್ಷ, ಮಾರಾಯ್ತಿ."

ಮುಂದಿನ ವರ್ಷ ಬಾಗಿಲು ಬಂತು, ಗೋಡೆಗೆ ಸುಣ್ಣ ಬಂದಿರಲಿಲ್ಲ. ಅದರ ಮುಂದಿನ ವರ್ಷ ಸುಣ್ಣ ಬಂತು, ಕಿಟಕಿಯ ಕೆತ್ತನೆ ಅವನ ಮನಸ್ಸಿಗೆ ಒಪ್ಪಲಿಲ್ಲ. ಆರನೆಯ ವರ್ಷ ನೆಲ ಬಾಕಿ. ಪ್ರತಿ ವರ್ಷವೂ ಮುಜ್ನಾ ಹೊರಗೆ ಆ ಗೋಡೆಗೇ ಒರಗಿ ಮಲಗಿದಳು. "ಪರವಾಗಿಲ್ಲ ಬಿಡಿ, ಈಗ ನಮ್ಮದೇ ಗೋಡೆ" ಎನ್ನುವಳು. ಬಖೀತನ ಕೈ ಹೊಗಳುವಂಥದ್ದು, ಒಪ್ಪೋಣ. ಆ ತಲೆಯನ್ನು ಮಾತ್ರ ಏನೆಂದು ಬಯ್ಯುವುದೋ ತಿಳಿಯದು.

ಕಥೆ ಹೇಳುವುದರಲ್ಲೂ ಅವನಿಗೆ ಹೆಸರಿತ್ತು. ಯಾತ್ರೆಯ ಎರಡನೆಯ ದಿನ, ಬಿಸಿಲು ಇಳಿದ ಮೇಲೆ, ಅವನ ಆ ಗೋಡೆಯ ನೆರಳಿಗೆ ಜನ ಸೇರುತ್ತಿದ್ದರು. ಶದ್ದಾದ್ ರಾಜನ ಕಥೆಯನ್ನು ಅವನ ಬಾಯಿಂದಲೇ ಕೇಳಬೇಕು. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ, ಅಜ್ಜಿಯರು ಹೇಳಿದ್ದೇ. ಶದ್ದಾದ ಹೊರಗಿನವನೇನಲ್ಲ, ಅದೇ ಮರಳಿನಾಚೆ ಆಳಿದವನು. ಹೂದ್ ಪ್ರವಾದಿ ಸ್ವರ್ಗದ ಮಾತೆತ್ತಿದಾಗ, "ಅದೇನು ಮಹಾ, ನಾನೇ ಒಂದು ಕಟ್ಟಿಸ್ತೀನಿ" ಎಂದವನು.

"ಮುನ್ನೂರು ವರ್ಷ ಕಟ್ಟಿಸಿದ, ನೋಡಿ!" ಎಂದು ಬಖೀತ್ ಎದ್ದು ನಿಂತು ಕೈಯಾಡಿಸುವನು. "ಒಂದು ಇಟ್ಟಿಗೆ ಚಿನ್ನದ್ದು, ಒಂದು ಬೆಳ್ಳಿದ್ದು. ಆ ಮೇಸ್ತ್ರಿಗಳ ಪಾಡು ಯೋಚಿಸಿ! 'ಸ್ವಾಮಿ, ಮುಗೀತು' ಅಂದ್ರೆ, 'ಆ ಮೂಲೆ ಸೊಟ್ಟ ಇದೆ, ಕೆಡವು' ಅನ್ನೋನು. ಕಡೆಗೂ ಮುಗೀತು. ದಂಡು ದಳ ಕಟ್ಕೊಂಡು ಹೊರಟ. ಬಾಗಿಲ ತನಕ ಬಂದ. ಬಲಗಾಲು ಎತ್ತಿದ. ಅಷ್ಟರಲ್ಲಿ ಸಾವಿನ ದೂತ ಬಂದು, 'ಎಲ್ಲಿಗೆ, ದೊರೆ?' ಅಂದ. ಎತ್ತಿದ ಕಾಲು ಎತ್ತಿದ ಹಾಗೇ ಇತ್ತು, ರಾಜ ಹೊರಟೇ ಹೋದ!"

ಒಂಟಿಗಾಲಲ್ಲಿ ನಿಂತು ಕಣ್ಣು ಮೇಲೆ ಮಾಡುವನು. ಜನ ಹೊಟ್ಟೆ ಹಿಡಿದುಕೊಂಡು ನಗುವರು. ಗೋಡೆಯಾಚೆ ಹೆಂಗಸರ ಗುಂಪಿನಿಂದ ಮುಜ್ನಾಳ ಧ್ವನಿ ಬರುವುದು, ಪ್ರತಿ ವರ್ಷವೂ ಅದೇ ಪ್ರಶ್ನೆ:

"ಅವನ ಹೆಂಡ್ತಿ ಏನಾದ್ಲು, ಮೇಸ್ತ್ರಿಗಳೇ?"

"ಕಥೇಲಿ ಹೆಂಡ್ತಿ ಇಲ್ಲ ಕಣೇ!"

"ಅದಕ್ಕೇ ಮುನ್ನೂರು ವರ್ಷ ಹಿಡೀತು."

ಆ ಮಾತಿಗೆ ರಾಜನ ಸಾವಿಗಿಂತ ಹೆಚ್ಚು ನಗು.

ಏಳನೆಯ ವರ್ಷದ ಹೊತ್ತಿಗೆ ಮುಜ್ನಾಳ ಕಾಲು ಊದಿಕೊಳ್ಳತೊಡಗಿತ್ತು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಬಖೀತ್ ಅವಳನ್ನು ಅವಳ ತಂಗಿಯ ಮನೆಯಲ್ಲಿ ಬಿಟ್ಟು ತಿಂಗಳಿಗೂ ಮುಂಚೆಯೇ ಹೊರಟ. ಜೊತೆಗೆ ಬಂದವನು ಮುಜ್ನಾಳ ತಮ್ಮ, ಒಂಟೆ ಹೊಡೆಯುವ ಸಾಲ್ಮೀನ್. ಇಬ್ಬರೂ ಸೇರಿ ಸುಣ್ಣವನ್ನು ಕೋಲಿನಿಂದ ಬಡಿದು ಬಡಿದು ಬೆಣ್ಣೆ ಮಾಡಿದರು, ನಾಲ್ಕು ಬೆರಳು ದಪ್ಪಕ್ಕೆ ನೆಲಕ್ಕೆ ಹಾಕಿದರು. ಬಖೀತ್ ಮಂಡಿಯೂರಿ ಹೊಳೆಯ ನುಣುಪು ಕಲ್ಲಿನಿಂದ ಉಜ್ಜಿದ. ಯಾತ್ರೆಗೆ ಇನ್ನೂ ಇಪ್ಪತ್ತು ದಿನವಿತ್ತು. ಅಂಥ ನೆಲ ಆರಲು ಹದಿನೈದು ದಿನ ಬೇಕು, ಅಷ್ಟರವರೆಗೆ ಇರುವೆ ಹೋಗುವುದಕ್ಕೂ ಮೇಸ್ತ್ರಿಗಳು ಬಿಡುವುದಿಲ್ಲ. ಲೆಕ್ಕ ಸರಿಯಾಗಿತ್ತು.

ಯಾತ್ರೆಗೆ ಎಂಟು ದಿನವಿರುವಾಗ ಸಂಜೆಯ ಓರೆ ಬಿಸಿಲು ಕಿಟಕಿಯಿಂದ ನೆಲಕ್ಕೆ ಬಿತ್ತು. ಬಖೀತ್ ಬಾಗಿಲಲ್ಲಿ ಕೂತು ನೋಡುತ್ತಿದ್ದ. ದೂರದ ಮೂಲೆಯಲ್ಲಿ ಒಂದು ಅಲೆ ಕಂಡಿತು. ಕೂದಲೆಳೆಯಷ್ಟು.

"ಸಾಲ್ಮೀನ್, ಇಲ್ಲಿ ಬಾ. ಆ ಮೂಲೆ ಉಬ್ಬಿದೆ."

"ಎಲ್ಲಿ? ನನಗೇನೂ ಕಾಣಲ್ಲ."

"ನಿನ್ನ ಒಂಟೆಗೂ ಕಾಣಲ್ಲ. ನನಗೆ ಕಾಣುತ್ತೆ."

"ನಮ್ಮಕ್ಕ ಅಲ್ಲಿ ಚಾಪೆ ಹಾಸ್ತಾಳೆ, ಭಾವ. ಅಲೆ ಚಾಪೆ ಕೆಳಗಿರುತ್ತೆ."

ಬಖೀತ್ ಹಾರೆ ಎತ್ತಿಕೊಂಡ. ಆ ಮೂಲೆಯನ್ನಷ್ಟೇ ಕಿತ್ತರೆ ಬೆಸುಗೆ ಕಾಣುತ್ತದೆ ಎಂದು ಇಡೀ ನೆಲ ಕಿತ್ತ. ಸಾಲ್ಮೀನ್ ಬಾಯಿಗೆ ಬಂದಂತೆ ಬೈದ, ಕೈ ಹಿಡಿದೆಳೆದ, ಕಡೆಗೆ ಹೊರಗೆ ಹೋಗಿ ಒಂಟೆಯ ಪಕ್ಕ ಕೂತುಬಿಟ್ಟ. ಹೊಸ ಸುಣ್ಣ ಬಡಿಯಲು ಮೂರು ದಿನ ಹಿಡಿಯಿತು. ಹೊಸ ನೆಲ ಬಿದ್ದ ಐದನೆಯ ದಿನಕ್ಕೆ ಯಾತ್ರೆ ಬಂತು.

ಮುಜ್ನಾ ತಂಗಿಯ ಮನೆಯವರ ಜೊತೆ ಕತ್ತೆಯ ಮೇಲೆ ಬಂದಳು. ಮುಖ ಬಾಡಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ಹೊಳೆಯಲ್ಲಿ ಮಿಂದು ಗೋರಿಗೆ ಹೋಗಿ ನೇರ ಮನೆಗೆ ಬಂದಳು. ಕಂಕುಳಲ್ಲಿ ಚಾಪೆ, ಕೈಯಲ್ಲಿ ಕಾಫಿ ಕುಡಿಕೆ. ಬಾಗಿಲು ತೆರೆದೇ ಇತ್ತು. ಒಳಗೆ ನೆಲ ಹಾಲು ಚೆಲ್ಲಿದಂತಿತ್ತು.

"ಅಯ್ಯೋ ದೇವರೇ" ಎಂದಳು. "ಇದು ನಂದಾ?"

ಬಲಗಾಲು ಎತ್ತಿದಳು. ಬಖೀತ್ ಅಡ್ಡ ಕೈ ಹಾಕಿದ.

"ಬೇಡ, ಬೇಡ! ಹಸಿ ಇದೆ. ಇನ್ನೂ ಹತ್ತು ದಿನ ಕಾಲಿಡಬಾರದು."

ಅವಳು ಕಾಲಿಳಿಸಿದಳು.

"ಒಂದೇ ಒಂದು ಕಾಲು ಇಡ್ತೀನಿ. ಇಲ್ಲೇ, ಹೊಸ್ತಿಲ ಹತ್ರ."

"ಗುರುತು ಬಿದ್ದುಬಿಡುತ್ತೆ ಕಣೇ. ಈ ಸುಣ್ಣದ್ದು ಗೊತ್ತಲ್ಲ, ಒಮ್ಮೆ ಬಿದ್ದ ಗುರುತು ಪ್ರಳಯದ ತನಕ ಹೋಗಲ್ಲ."

"ಬೀಳಲಿ ಬಿಡಿ. ನನ್ನ ಮನೇಲಿ ನನ್ನ ಕಾಲು."

"ಹುಚ್ಚಿ. ಇಷ್ಟು ವರ್ಷ ಕಾದು ಈಗ ಹಾಳು ಮಾಡ್ಕೊಳ್ತೀಯಾ?"

ಸಾಲ್ಮೀನ್ ಅಷ್ಟು ದೂರದಲ್ಲಿ ನಿಂತಿದ್ದ. ಕಿತ್ತ ನೆಲದ ಮಾತು ಅವನ ನಾಲಗೆಯ ತುದಿಗೆ ಬಂದಿತ್ತು, ಅಕ್ಕನ ಮುಖ ನೋಡಿ ನುಂಗಿಕೊಂಡ. ಆ ನಾಲ್ಕು ದಿನ ಮುಜ್ನಾ ಮತ್ತೆ ಗೋಡೆಗೆ ಒರಗಿ ಮಲಗಿದಳು. ಎರಡನೆಯ ಸಂಜೆ ಬಖೀತ್ ಶದ್ದಾದನ ಕಥೆ ಹೇಳಿದ, ಒಂಟಿಗಾಲಲ್ಲಿ ನಿಂತ, ಜನ ನಕ್ಕರು. ಗೋಡೆಯಾಚೆಯಿಂದ ಪ್ರಶ್ನೆ ಬರಲಿಲ್ಲ. ಕೇಳಲು ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಅವನಿಗದು ಹೊಳೆಯಲಿಲ್ಲ.

ಐದನೆಯ ಬೆಳಿಗ್ಗೆ ಎಲ್ಲರೂ ಹಾಡುತ್ತ ಹೊರಟರು. ತಂಗಿ ಬಂದು ಕರೆದಳು.

"ನಾನು ಬರಲ್ಲ ಕಣೇ" ಎಂದಳು ಮುಜ್ನಾ. "ಇನ್ನಾರು ದಿನ ತಾನೆ? ಮಲಗಿ ಎದ್ದೇ ಬರ್ತೀನಿ."

ಬಖೀತನಿಗೆ ಹಿಗ್ಗು. ಖಾಲಿ ಊರಿನಲ್ಲಿ ಮೂವರು ಉಳಿದರು, ಖರ್ಜೂರ, ಒಣಮೀನು, ಒಂದು ಚೀಲ ಹಿಟ್ಟು ಇಟ್ಟುಕೊಂಡು. ಬೀಗ ಹಾಕಿದ ಮನೆಗಳಿಗೆ ಪಾರಿವಾಳಗಳು ಮರಳಿದವು. ಸಾಲ್ಮೀನ್ ಭಾವನನ್ನು ಪಕ್ಕಕ್ಕೆ ಕರೆದು, "ಅಕ್ಕನ ತುಟಿ ನೋಡಿದ್ಯಾ? ನೀಲಿಗಟ್ಟಿದೆ. ಕರ್ಕೊಂಡ್ ಹೋಗೋಣ, ಇಲ್ಲ ಇವತ್ತೇ ಒಳಗೆ ಮಲಗಿಸು. ಹಾಳಾಗಿ ಹೋಗಲಿ ನಿನ್ನ ನೆಲ" ಎಂದ. "ದಣಿವು ಅಷ್ಟೇ. ಮನೆ ಒಳಗೆ ಹೋದ್ರೆ ಸರಿಹೋಗ್ತಾಳೆ" ಎಂದ ಬಖೀತ್.

ಜನ ಹೋದ ಮೂರನೆಯ ದಿನ ಅವಳು ಚಾಪೆಯನ್ನು ಹೊಸ್ತಿಲ ಹೊರಗೇ ಹಾಸಲು ಹೇಳಿದಳು. ಮಲಗಿಕೊಂಡೇ ಒಳಗೆ ನೋಡುತ್ತಿದ್ದಳು.

"ಆ ಕಿಟಕಿ ಕೆಳಗೆ ಚಾಪೆ. ಈ ಕಡೆ ಒಲೆ. ಆ ಮೂಲೇಲಿ ಯಾರಾದ್ರೂ ಜಾಗ ಇಲ್ದೋರು ಬಂದ್ರೆ ಮಲಗ್ಲಿ. ಮೆಟ್ಟಿಲ ಕೆಳಗೆ ಯಾರನ್ನೂ ಮಲಗಿಸೋದು ಬೇಡ" ಎಂದಳು. ಆಮೇಲೆ, "ಒಂದು ಕಾಲು?" ಎಂದಳು.

ಬಖೀತ್ ಬೆರಳಿನಿಂದ ನೆಲದ ಅಂಚು ಒತ್ತಿ ನೋಡಿದ. ಒಪ್ಪಿಬಿಡುವವನಿದ್ದ. ಇದನ್ನು ಅವನೇ ಆಮೇಲೆ ಸಾಲ್ಮೀನನ ಮುಂದೆ ಎದೆ ಎದೆ ಬಡಿದುಕೊಂಡು ಹೇಳಿದ, ಒಪ್ಪಿಬಿಡುವವನಿದ್ದೆ ಎಂದು. ಬಾಯಿಂದ ಬಂದದ್ದು ಮಾತ್ರ, "ನಾಳೆ ಬೆಳಿಗ್ಗೆ ಈ ಅಂಚು ಗಟ್ಟಿಯಾಗಿರುತ್ತೆ. ನಾಳೆ ಇಡುವೆಯಂತೆ" ಎಂದು.

"ಆಗ್ಲಿ, ಮೇಸ್ತ್ರಿಗಳೇ" ಎಂದಳು ಅವಳು.

ಅವನು ನೀರಿನ ತೊಗಲಿನ ಚೀಲ ಹೊತ್ತು ಹೊಳೆಗೆ ಹೋಗಿ ಬರುವಷ್ಟರಲ್ಲಿ ಮುಜ್ನಾ ಹೋಗಿಬಿಟ್ಟಿದ್ದಳು. ಮುಖ ಮನೆಯ ಕಡೆಗಿತ್ತು.

ಹೆಣ ತೊಳೆಯಲು ಊರಿನಲ್ಲಿ ಒಬ್ಬ ಹೆಂಗಸಿಲ್ಲ. ಗಂಡನೇ ತೊಳೆಯಬೇಕು, ಮರೆಯಲ್ಲಿ ತೊಳೆಯಬೇಕು. ಸುತ್ತ ನೂರು ಮನೆ, ಎಲ್ಲಕ್ಕೂ ಬೀಗ. ತೆರೆದ ಬಾಗಿಲು ಒಂದೇ.

ಬಖೀತ್ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊಸ್ತಿಲು ದಾಟಿದ. ನೆಲದ ಮೇಲ್ಪದರ ಹಪ್ಪಳದ ಹಾಗೆ ಮುರಿದು, ಒಳಗಿನ ಹಸಿ ಸುಣ್ಣದಲ್ಲಿ ಪಾದ ಹೂತುಕೊಂಡಿತು. ಇನ್ನೊಂದು ಹೆಜ್ಜೆ, ಮತ್ತೊಂದು ಹೆಜ್ಜೆ. ಕಿಟಕಿಯ ಕೆಳಗೆ ಅವಳನ್ನು ಮಲಗಿಸಿದ. ಹೊಳೆಗೆ ಹೋಗಿ ಬಂದ, ಹೋಗಿ ಬಂದ. ನೀರು ಸುರಿದು ತೊಳೆದ, ಊದಿದ ಆ ಕಾಲುಗಳನ್ನು ಮೂರು ಸಲ ತೊಳೆದ. "ಮುಜ್ನಾ, ಒಳಗಿದೀವಿ ಕಣೇ. ಒಳಗೇ ಇದೀವಿ" ಎಂದು ಗೋಳೋ ಎಂದು ಅತ್ತ. ಹೊರಗೆ ಬೆನ್ನು ತಿರುಗಿಸಿ ಕೂತಿದ್ದ ಸಾಲ್ಮೀನನೂ ಅತ್ತ. ದನಿ ಕೇಳಿ ಆಡು ಮೇಯಿಸುವ ಅಲೆಮಾರಿ ಬದೂಗಳು ನಾಲ್ಕು ಜನ ಬಂದರು, ನಮಾಜಿಗೆ ನಿಂತರು, ಗುಡ್ಡದ ಬುಡದಲ್ಲಿ ಗುಂಡಿ ತೋಡಿಕೊಟ್ಟರು.

ಮರುವರ್ಷ ಯಾತ್ರೆಗೆ ಬಂದವರು ಬಖೀತನ ಮನೆಯ ಬಾಗಿಲು ತೆರೆದಿರುವುದನ್ನು ಕಂಡರು. ಮಲಗಲು ಜಾಗವಿಲ್ಲದ ಹೆಂಗಸರು ಒಳಗೆ ಚಾಪೆ ಹಾಸಿಕೊಂಡಿದ್ದರು. ನೆಲ ಕಲ್ಲಿನಂತೆ ಗಟ್ಟಿಯಾಗಿತ್ತು, ನೀರು ನಿಂತ ಕಡೆ ಗುಳಿ ಬಿದ್ದು, ಹೊಸ್ತಿಲಿನಿಂದ ಕಿಟಕಿಯವರೆಗೆ ಒಬ್ಬ ಗಂಡಸಿನ ಆಳವಾದ ಹೆಜ್ಜೆಗಳು. ಹೆಂಗಸಿನ ಹೆಜ್ಜೆ ಒಂದೂ ಇರಲಿಲ್ಲ.

"ಸರಿಮಾಡೋದಲ್ವಾ, ಮೇಸ್ತ್ರಿ? ಎಡವಿ ಬೀಳ್ತಾರೆ" ಎಂದರು ಯಾರೋ.

"ಎಡವಲಿ" ಎಂದ ಬಖೀತ್.

ಎರಡನೆಯ ಸಂಜೆ ಜನ ಗೋಡೆಯ ನೆರಳಿಗೆ ಸೇರಿದರು. ಅವನು ಹೇಳುವುದಿಲ್ಲವೆಂದೇ ಎಲ್ಲರೂ ಅಂದುಕೊಂಡಿದ್ದರು. ಅವನು ಬಂದ, ಕೂತುಕೊಂಡ, ಶುರುಮಾಡಿದ. ಚಿನ್ನದ ಇಟ್ಟಿಗೆ ಬಂತು, ಬೆಳ್ಳಿಯ ಇಟ್ಟಿಗೆ ಬಂತು, ಕೆಡವಿ ಕಟ್ಟಿದ ಮೂಲೆ ಬಂತು. ದಂಡು ಹೊರಟಿತು. ಒಂಟಿಗಾಲಲ್ಲಿ ನಿಲ್ಲುವ ಹೊತ್ತಿಗೆ ಅವನು ಏಳಲಿಲ್ಲ.

"ಬಾಗಿಲಲ್ಲಿ ಸಾವಿನ ದೂತ ನಿಂತಿದ್ದ" ಎಂದ. "ಶದ್ದಾದ ಅಂದ, 'ಗೊತ್ತು ಬಿಡು, ನನ್ನನ್ನ ತಗೊಂಡು ಹೋಗೋಕೆ ಬಂದಿದೀಯ.' ದೂತ ಅಂದ, 'ನಿನ್ನನ್ನಲ್ಲ.' ರಾಜ ಹಿಂದೆ ತಿರುಗಿ ನೋಡಿದ. ಮುನ್ನೂರು ವರ್ಷ ಅವನ ಹಿಂದೆ ಒಬ್ಬಳು ಕಾಯ್ತಾ ನಿಂತಿದ್ಲು. ಕಥೆ ಹೇಳೋರು ಯಾರೂ ಅವಳನ್ನ ನೋಡಿರಲಿಲ್ಲ. ದೂತ ಅವಳನ್ನ ಕರ್ಕೊಂಡು ಹೋದ."

ಯಾರೂ ನಗಲಿಲ್ಲ. ಸಾಲ್ಮೀನ್ ತಲೆ ತಗ್ಗಿಸಿಕೊಂಡಿದ್ದ. ಕೊನೆಗೆ ಗೋಡೆಯಾಚೆಯಿಂದ ಒಬ್ಬ ಮುದುಕಿ ಕೇಳಿದಳು:

"ಆಮೇಲೆ ರಾಜ ಏನ್ಮಾಡ್ದ, ಮೇಸ್ತ್ರಿ?"

"ಏನ್ಮಾಡ್ತಾನೆ? ಮನೆ ಮುಗಿದಿತ್ತಲ್ಲ" ಎಂದ ಬಖೀತ್. "ಒಳಗೆ ಹೋದ. ಅಲ್ಲೇ ಇದಾನೆ."